ದೇಹವನ್ನು ಯಾವುದರಲ್ಲಿ ಸವೆಸಿದೆ?



ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಪ್ರೀತಿಯ ಸಹೋದರರೇ,

ನಾನು ಆಲಿಮ್ ಅಲ್ಲ. ಊರಿನ ಮದ್ರಸದಲ್ಲಿ ಕಲಿತಷ್ಟು ದೀನ್, ಕಾಲೇಜಿನಲ್ಲಿ ಕಲಿತಷ್ಟು ಬಿಕಾಂ, ಇಷ್ಟೇ ನನ್ನ ಬಂಡವಾಳ. ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು. ಆದ್ದರಿಂದ ಮಸೀದಿಯಲ್ಲಿ ನೀವು ನನ್ನ ಬಳಿ ಬರುವುದು ಮಸಲಾ ಕೇಳಲು ಅಲ್ಲ, ಜಪಾನಿ ಅಕ್ಷರದ ಕಾಗದ ತೋರಿಸಲು. ತೆರಿಗೆ, ಪಿಂಚಣಿ, ವಿಮೆ, ಯಾವುದಾದರೂ ಒಂದು.

ಹೋದ ರಮಝಾನಿನ ಕೊನೆಯ ಹತ್ತರಲ್ಲಿ, ಒಂದು ರಾತ್ರಿ ತರಾವೀಹ್ ಮುಗಿದ ಮೇಲೆ ಒಬ್ಬ ಸಹೋದರ ಒಂದು ಲಕೋಟೆ ತಂದ. "ಭಾಯ್, ಇದು ತೆರಿಗೆಯದ್ದಾ ನೋಡಿ. ಬಂದು ಎಂಟು ತಿಂಗಳಾಯಿತು, ದಂಡ ಬೀಳುತ್ತದಾ?" ಎಂದ. ಲಕೋಟೆ ಒಡೆದೇ ಇರಲಿಲ್ಲ. ಒಡೆದು ನೋಡಿದೆ. ತೆರಿಗೆಯದ್ದಲ್ಲ. ಕಂಪೆನಿಯವರು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆ, ಇಲ್ಲಿನವರು ಕೆಂಕೋ ಶಿಂದಾನ್ ಎನ್ನುತ್ತಾರಲ್ಲ, ಅದರ ಫಲಿತಾಂಶ. ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಾಲ್ಕು ವರ್ಷದಲ್ಲಿ ತೂಕ 16 ಕಿಲೋ ಏರಿತ್ತು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎ1ಸಿ 8.4. ಅದು 6.5 ದಾಟಿದರೆ ಮಧುಮೇಹದ ಲೆಕ್ಕ. ಕೆಳಗೆ ಮರುಪರೀಕ್ಷೆ ಬೇಕು ಎಂಬ ಮೊಹರು.

ಅವನಿಗೆ ವಯಸ್ಸು 34.

"ದಂಡ ಇದೆಯಪ್ಪಾ, ಆದರೆ ತೆರಿಗೆ ಕಚೇರಿಗಲ್ಲ" ಎಂದೆ. ಅವನು ಸುಮ್ಮನಾದ. ಮನೆಗೆ ಹೋದ ಮೇಲೆ ನನಗೂ ನಿದ್ದೆ ಬರಲಿಲ್ಲ. ಏಕೆಂದರೆ ನನ್ನದೇ ಎರಡು ವರ್ಷದ ಕಾಗದಗಳು ಮೇಜಿನ ಡ್ರಾಯರಿನಲ್ಲಿ ಮಡಚಿಟ್ಟಂತೆಯೇ ಇದ್ದವು. ಊರವರ ಲೆಕ್ಕವೆಲ್ಲ ನೋಡುವವನು ತನ್ನ ಲೆಕ್ಕ ನೋಡಿರಲಿಲ್ಲ. ಈ ಲೇಖನ ಆ ರಾತ್ರಿಯದ್ದು.

ನಾಲ್ಕು ಪ್ರಶ್ನೆಗಳ ಲೆಕ್ಕಪರಿಶೋಧನೆ

ಅಬೂ ಬರ್ಝಾ ಅಲ್ ಅಸ್ಲಮಿ(ರ) ವರದಿ ಮಾಡಿದ, ತಿರ್ಮಿದಿಯಲ್ಲಿರುವ ಒಂದು ಹದೀಸ್ ನಿಮಗೆಲ್ಲ ಗೊತ್ತು. ಅಂತ್ಯದಿನದಂದು ಕೆಲವು ಪ್ರಶ್ನೆಗಳಿಗೆ ಉತ್ತರಿಸುವ ತನಕ ದಾಸನ ಪಾದಗಳು ಕದಲಲಾರವು ಎಂಬುದು ಅದರ ಸಾರಾಂಶ. ಆಯುಷ್ಯವನ್ನು ಹೇಗೆ ಕಳೆದೆ? ಅರಿವಿನಿಂದ ಏನು ಮಾಡಿದೆ? ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ಖರ್ಚು ಮಾಡಿದೆ? ದೇಹವನ್ನು ಯಾವುದರಲ್ಲಿ ಸವೆಸಿದೆ?

ಮೊದಲ ಮೂರರ ಬಗ್ಗೆ ಖುತ್ಬಾಗಳಲ್ಲಿ ಬಹಳ ಕೇಳಿದ್ದೇವೆ. ನಾಲ್ಕನೆಯದರ ಬಳಿ ಬಂದಾಗ ಬೇಗ ದಾಟಿ ಹೋಗುತ್ತೇವೆ. ಲೆಕ್ಕ ಬರೆಯುವವನಿಗೆ ಈ 'ಸವೆಸು' ಎಂಬ ಮಾತು ಚೆನ್ನಾಗಿ ಗೊತ್ತು. ಯಂತ್ರ ಕೊಂಡ ದಿನದಿಂದ ಪ್ರತಿವರ್ಷ ಅದರ ಬೆಲೆಯಲ್ಲಿ ಇಷ್ಟು ಸವಕಳಿ ಎಂದು ಪುಸ್ತಕದಲ್ಲಿ ಕಳೆಯುತ್ತೇವೆ. ಆದರೆ ಕಾರ್ಖಾನೆಯಲ್ಲಿ ನಿಂತವರಿಗೆ ಇನ್ನೊಂದು ಸತ್ಯ ಗೊತ್ತು. ಒಂದೇ ದಿನ ಬಂದ ಎರಡು ಯಂತ್ರಗಳಲ್ಲಿ ಒಂದು ಹತ್ತು ವರ್ಷಕ್ಕೂ ಹೊಸದರಂತೆ ಓಡುತ್ತದೆ, ಇನ್ನೊಂದು ಐದು ವರ್ಷಕ್ಕೇ ಕಿರುಗುಟ್ಟುತ್ತದೆ. ಪುಸ್ತಕದ ವಯಸ್ಸು ಒಂದೇ, ಒಳಗಿನ ವಯಸ್ಸು ಬೇರೆ. ಎಣ್ಣೆ ಹಾಕಿದ್ದೆಷ್ಟು, ಹೊರೆ ಹೇರಿದ್ದೆಷ್ಟು ಎಂಬುದರ ಮೇಲೆ ಅದು ನಿಂತಿದೆ.

ದೇಹಕ್ಕೂ ಹೀಗೆ ಎರಡು ವಯಸ್ಸು ಇವೆ. ಪಾಸ್‌ಪೋರ್ಟಿನಲ್ಲಿರುವುದು ಒಂದು. ನಮ್ಮ ಜೀವಕೋಶಗಳಲ್ಲಿರುವುದು ಇನ್ನೊಂದು.

ಮುದಿತನ ಅಲ್ಲಾಹನ ನಿಯಮ. ಬಲಹೀನತೆಯಿಂದ ಬಲಕ್ಕೆ, ಬಲದಿಂದ ಮತ್ತೆ ಬಲಹೀನತೆಗೂ ನರೆಗೂ ಮನುಷ್ಯನನ್ನು ಒಯ್ಯುವವನು ತಾನೇ ಎಂದು ಅವನು ರೂಮ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಚಿಕಿತ್ಸೆ ಪಡೆಯಿರಿ, ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ, ಮುದಿತನವೊಂದರ ಹೊರತು, ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಹೇಳಿದ್ದಾರೆ. ಮುದಿತನಕ್ಕೆ ಮದ್ದಿಲ್ಲ ಎಂಬುದು ನಿಜ. ಆದರೆ ಸಮಯಕ್ಕೆ ಮುಂಚೆ ಅದನ್ನು ಕೈಹಿಡಿದು ಮನೆಯೊಳಗೆ ಕರೆತರಬೇಕೆಂದು ಯಾರೂ ನಮಗೆ ಹೇಳಿಲ್ಲ.

ಜೀವಕೋಶ ಹೇಗೆ ಮುದಿಯಾಗುತ್ತದೆ?

ನಮ್ಮ ದೇಹದ ಅನೇಕ ಜೀವಕೋಶಗಳು ಒಡೆದು ಎರಡಾಗುತ್ತಾ ಹಳೆಯವುಗಳ ಜಾಗ ತುಂಬುತ್ತವೆ. ಹೀಗೆ ಎಷ್ಟು ಸಲ ಬೇಕಾದರೂ ಒಡೆಯಲು ಅವಕ್ಕೆ ಸಾಧ್ಯವಿಲ್ಲ. 1961ರಲ್ಲಿ ಹೇಫ್ಲಿಕ್ ಎಂಬ ಅಮೆರಿಕದ ವಿಜ್ಞಾನಿ ಮನುಷ್ಯನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ನೋಡಿದಾಗ ಸುಮಾರು 50 ಸಲ ಒಡೆದ ಮೇಲೆ ಅವು ನಿಂತುಬಿಟ್ಟವು. ಕಾರಣ ಆಮೇಲೆ ತಿಳಿಯಿತು. ಜೀವಕೋಶದೊಳಗಿನ ವಂಶವಾಹಿ ಎಳೆಗಳ ತುದಿಯಲ್ಲಿ ಟೆಲೋಮಿಯರ್ ಎಂಬ ರಕ್ಷೆ ಇದೆ. ಲುಂಗಿಯ ಅಂಚಿಗೆ ಹೊಲಿಗೆ ಹಾಕಿರುತ್ತಾರಲ್ಲ, ಹಾಗೆ. ಪ್ರತಿ ಒಗೆತಕ್ಕೂ ಅಂಚು ಸ್ವಲ್ಪ ಸವೆಯುತ್ತದೆ. ಅಂಚು ಮುಗಿದರೆ ಬಟ್ಟೆ ಬಿಚ್ಚತೊಡಗುತ್ತದೆ. ಟೆಲೋಮಿಯರ್ ಬಗೆಗಿನ ಕೆಲಸಕ್ಕೆ 2009ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು.

ತೂಕಕ್ಕೂ ಇದಕ್ಕೂ ಏನು ಸಂಬಂಧ? 2005ರಲ್ಲಿ ಲಂಡನ್ನಿನ ಸಂಶೋಧಕರು 1,122 ಮಹಿಳೆಯರ ರಕ್ತ ಪರೀಕ್ಷಿಸಿದರು. ಸ್ಥೂಲಕಾಯದವರ ಟೆಲೋಮಿಯರ್, ತೆಳ್ಳಗಿನವರದ್ದಕ್ಕಿಂತ ಗಿಡ್ಡ ಇತ್ತು. ಆ ವ್ಯತ್ಯಾಸವನ್ನು ವಯಸ್ಸಿಗೆ ತಿರುಗಿಸಿದರೆ ಸುಮಾರು 8.8 ವರ್ಷ. ಸಿಗರೇಟು ಸೇದುವವರಲ್ಲೂ ಇಂತಹ ಸವೆತ ಕಂಡಿತು. ಇದು ಒಟ್ಟು ಗುಂಪಿನ ಲೆಕ್ಕ. ದಪ್ಪಗಿರುವ ಪ್ರತಿಯೊಬ್ಬರೂ ಅಷ್ಟು ಬೇಗ ಮುದಿಯಾಗುತ್ತಾರೆ ಎಂದಲ್ಲ. ಆದರೆ ದಿಕ್ಕು ಯಾವ ಕಡೆಗೆ ಎಂಬುದನ್ನು ಅದು ತೋರಿಸುತ್ತದೆ.

ಹೊಟ್ಟೆಯ ಕೊಬ್ಬು ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಅದು ಕೆಲಸ ಮಾಡುತ್ತಲೇ ಇರುತ್ತದೆ. ಕೊಬ್ಬಿನ ಕೋಶಗಳು ತುಂಬಿ ಉಬ್ಬಿದಾಗ ಅವುಗಳಲ್ಲಿ ಕೆಲವು ಮುದಿಯಾಗಿ ನಿಲ್ಲುತ್ತವೆ. ಸಾಯುವುದೂ ಇಲ್ಲ, ದುಡಿಯುವುದೂ ಇಲ್ಲ. ಸುತ್ತಲಿನ ಕೋಶಗಳಿಗೆ ಉರಿಯೂತ ತರುವ ರಸಗಳನ್ನು ಬಿಡುತ್ತಾ ಕೂರುತ್ತವೆ. ಕೆಲಸ ಮಾಡದೆ ಪಕ್ಕದವನ ಕೆಲಸವನ್ನೂ ಕೆಡಿಸುವವನು ಪಾಳಿಯಲ್ಲಿ ಒಬ್ಬನಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. 2009ರಲ್ಲಿ ಇದೇ ಜಪಾನಿನ ಚಿಬಾ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೊಬ್ಬಿನ ಅಂಗಾಂಶ ಹೀಗೆ ಮುದಿಯಾಗುವುದೇ ಇನ್ಸುಲಿನ್ ಕೆಲಸ ಮಾಡದಿರಲು ಒಂದು ಕಾರಣ ಎಂದು ತೋರಿಸಿದರು. ನಮ್ಮ ಸಹೋದರನ ಲಕೋಟೆಯಲ್ಲಿ ತೂಕ, ಸೊಂಟ, ಸಕ್ಕರೆ ಮೂರೂ ಒಟ್ಟಿಗೆ ಏರಿದ್ದು ಆಕಸ್ಮಿಕವಲ್ಲ.

ದೀನ್‌ಗೆ ಸುಳ್ಳು ಸಾಕ್ಷಿ ಬೇಕಿಲ್ಲ

ಪ್ರತಿ ರಮಝಾನಿಗೂ ವಾಟ್ಸಾಪಿನಲ್ಲಿ ಒಂದು ಸಂದೇಶ ಬರುತ್ತದೆ. ಜಪಾನಿನ ಒಬ್ಬ ವಿಜ್ಞಾನಿ ಉಪವಾಸದಿಂದ ಎಲ್ಲ ರೋಗ ಗುಣವಾಗುತ್ತದೆ ಎಂದು ಸಾಬೀತು ಮಾಡಿ ನೊಬೆಲ್ ಪಡೆದನಂತೆ. ನಾವು ಜಪಾನಿನಲ್ಲೇ ಇರುವವರು. ಕನಿಷ್ಠ ನಾವಾದರೂ ಸರಿಯಾಗಿ ತಿಳಿದುಕೊಳ್ಳೋಣ.

ಆ ವಿಜ್ಞಾನಿಯ ಹೆಸರು ಯೋಶಿನೊರಿ ಓಸುಮಿ. 1945ರಲ್ಲಿ ಫುಕುಒಕದಲ್ಲಿ ಹುಟ್ಟಿದವರು. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಣ್ಣ ಪ್ರಯೋಗಾಲಯವೊಂದರಲ್ಲಿ ಯೀಸ್ಟ್, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಜೀವಿಯನ್ನು ಆಹಾರವಿಲ್ಲದೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಸಿದ ಕೋಶ ತನ್ನೊಳಗಿನ ಭಾಗಗಳನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿ, ಒಡೆದು, ಮತ್ತೆ ಬಳಸಿಕೊಳ್ಳುತ್ತಿತ್ತು. ಇದಕ್ಕೆ ಆಟೊಫಜಿ ಎಂದು ಹೆಸರು. ಇಲ್ಲಿ ನಾವು ಕಸವನ್ನು ಬೇರ್ಪಡಿಸಿ, ಗೊತ್ತುಪಡಿಸಿದ ಚೀಲದಲ್ಲಿ, ಗೊತ್ತುಪಡಿಸಿದ ದಿನ ಇಡುತ್ತೇವಲ್ಲ, ಜೀವಕೋಶವೂ ಹಾಗೆಯೇ. ಆ ಕೆಲಸವನ್ನು ನಡೆಸುವ ವಂಶವಾಹಿಗಳನ್ನು ಕಂಡುಹಿಡಿದದ್ದಕ್ಕೆ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಅವರು ರಮಝಾನಿನ ಉಪವಾಸವನ್ನು ಪರೀಕ್ಷಿಸಿರಲಿಲ್ಲ. ಕ್ಯಾನ್ಸರ್ ಗುಣವಾಗುತ್ತದೆ ಎಂದೂ ಹೇಳಲಿಲ್ಲ. ಮನುಷ್ಯನಲ್ಲಿ ಇಂತಿಷ್ಟು ಗಂಟೆಗೆ ಈ ಶುದ್ಧಿ ಶುರುವಾಗುತ್ತದೆ ಎಂದು ಯೀಸ್ಟಿನ ಪ್ರಯೋಗದಿಂದ ಲೆಕ್ಕ ಹಾಕಲು ಬರುವುದಿಲ್ಲ. ಇಲ್ಲದ್ದನ್ನು ಸೇರಿಸಿ ಕಳುಹಿಸುವುದು ಸುಳ್ಳು. ಉಪವಾಸ ಹಿಡಿದ ಬಾಯಿಯನ್ನು ಸುಳ್ಳಿನಿಂದ ಕಾಯಬೇಕೆಂದ ಪ್ರವಾದಿ(ಸ)ರ ಮಾತು ಬೆರಳಿಗೂ ಅನ್ವಯಿಸುತ್ತದೆ.

ಉಪವಾಸ ಕಡ್ಡಾಯವಾದದ್ದು ತಕ್ವಾಕ್ಕಾಗಿ. ಅಲ್ ಬಖರ ಅಧ್ಯಾಯ ಹೇಳುವ ಕಾರಣ ಅದು, ತೂಕ ಇಳಿಸಲು ಅಲ್ಲ. ನಾಳೆ ಯಾವುದೋ ಸಂಶೋಧನೆ ಉಪವಾಸದಿಂದ ದೇಹಕ್ಕೆ ಲಾಭವಿಲ್ಲ ಎಂದರೂ ನಾವು ಉಪವಾಸ ಹಿಡಿಯುತ್ತೇವೆ. ಹಾಗಿದ್ದರೂ, ಕೋಶಕ್ಕೆ ಹಸಿವಿನ ಹೊತ್ತಿನಲ್ಲಿ ತನ್ನ ಮನೆ ಗುಡಿಸಿಕೊಳ್ಳುವ ಗುಣವನ್ನು ಇಟ್ಟವನು ಯಾರು ಎಂದು ಯೋಚಿಸಿದಾಗ ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗುವುದಿಲ್ಲ. ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಬೇಡ.

ಕಡಿಮೆ ತಿನ್ನುವುದರ ಬಗ್ಗೆ ಮನುಷ್ಯರ ಮೇಲೆ ನಡೆದ ಒಂದು ಒಳ್ಳೆಯ ಪ್ರಯೋಗವಿದೆ. ಅಮೆರಿಕದಲ್ಲಿ ಸ್ಥೂಲಕಾಯವಿಲ್ಲದ ಸುಮಾರು 220 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಊಟ ಕಡಿಮೆ ಮಾಡಲು ಹೇಳಿದರು. ಕಾಲು ಭಾಗ ಬಿಡಬೇಕೆಂದು ಗುರಿ. ಅವರಿಂದ ಆದದ್ದು ಸರಾಸರಿ ಶೇ. 12ರಷ್ಟು. ಅಷ್ಟಕ್ಕೇ, ರಕ್ತದಲ್ಲಿ ಅಳೆದಾಗ ಮುದಿತನದ ವೇಗ ಶೇ. 2ರಿಂದ 3ರಷ್ಟು ತಗ್ಗಿತ್ತು ಎಂದು 2023ರಲ್ಲಿ ವರದಿಯಾಯಿತು. ಸಣ್ಣ ಸಂಖ್ಯೆ. ಆದರೆ ಚಕ್ರಬಡ್ಡಿ ಗೊತ್ತಿರುವವರು ಸಣ್ಣ ಸಂಖ್ಯೆಯನ್ನು ಕಡೆಗಣಿಸುವುದಿಲ್ಲ.

ಮೂರರಲ್ಲಿ ಒಂದು ಪಾಲು

ಮಿಖ್‌ದಾಮ್(ರ) ವರದಿ ಮಾಡಿದ ಹದೀಸಿನಲ್ಲಿ, ಮನುಷ್ಯನು ತುಂಬುವ ಪಾತ್ರೆಗಳಲ್ಲಿ ಹೊಟ್ಟೆಗಿಂತ ಕೆಟ್ಟದ್ದಿಲ್ಲ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಬೆನ್ನು ನೆಟ್ಟಗಿಡಲು ಕೆಲವು ತುತ್ತು ಸಾಕು. ಸಾಲದಿದ್ದರೆ ಮೂರನೇ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ.

ಈ ನಾಡಿನ ಹಿರಿಯರೂ ಇದಕ್ಕೆ ಹತ್ತಿರದ ಮಾತು ಆಡಿದ್ದಾರೆ. ಹಾರಾ ಹಾಚಿ ಬು, ಹೊಟ್ಟೆಯ ಹತ್ತು ಪಾಲಿನಲ್ಲಿ ಎಂಟು. ಕೈಬಾರಾ ಎಕಿಕೆನ್ ಎಂಬ ವಿದ್ವಾಂಸರು 80 ದಾಟಿದ ಮೇಲೆ, 1713ರಲ್ಲಿ, ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೊಟ್ಟೆ ತುಂಬುವ ಮುಂಚೆ ಏಳಬೇಕೆಂಬುದು ಮುಖ್ಯ ಉಪದೇಶ. ಒಕಿನಾವದ ಮುದುಕರು ಇದನ್ನು ಪಾಲಿಸಿ ದೀರ್ಘಾಯುಷ್ಯಕ್ಕೆ ಹೆಸರಾದರು. ಆದರೆ ಅಲ್ಲಿನ ಮುಂದಿನ ತಲೆಮಾರು ಬರ್ಗರ್, ಕರಿದದ್ದು, ಕಾರು ಇವಕ್ಕೆ ಬಿದ್ದಿತು. 1995ರಲ್ಲಿ ಜಪಾನಿನ 47 ಪ್ರಾಂತಗಳ ಪೈಕಿ 4ನೇ ಸ್ಥಾನದಲ್ಲಿದ್ದ ಒಕಿನಾವದ ಗಂಡಸರ ಜೀವಿತಾವಧಿ 2000ದ ಪಟ್ಟಿಯಲ್ಲಿ 26ನೇ ಸ್ಥಾನಕ್ಕೆ ಕುಸಿಯಿತು. ಜಪಾನೀಯರು ಅದನ್ನು '26ರ ಆಘಾತ' ಎಂದೇ ಕರೆದರು. ಅದೇ ದ್ವೀಪ, ಅದೇ ರಕ್ತ. ಬದಲಾದದ್ದು ತಟ್ಟೆ.

ನಮ್ಮ ಕಥೆಯೂ ಇದೇ ಅಲ್ಲವೇ? ಊರಲ್ಲಿ ಕುಚ್ಚಲಕ್ಕಿ ಗಂಜಿಯೋ ಜೋಳದ ರೊಟ್ಟಿಯೋ ತಿಂದು ಬೆಳೆದವರು. ಇಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಾಗ ಅಡುಗೆಗೆ ಶಕ್ತಿ ಇರುವುದಿಲ್ಲ. ಹಲಾಲ್ ಮಾಂಸ ದೂರ, ಸಿಹಿ ಬನ್ನು ಹತ್ತಿರ. ತೂಕ ಏರಿದ್ದೆಲ್ಲ ಹೊಟ್ಟೆಬಾಕತನದಿಂದಲ್ಲ. ಹಣ ಉಳಿಸಲು ಕಪ್ ನೂಡಲ್ಸ್ ತಿಂದು ಏರಿದ್ದೂ ಇದೆ, ಒಂಟಿತನಕ್ಕೆ ತಿಂದು ಏರಿದ್ದೂ ಇದೆ. ಆದ್ದರಿಂದ ಕೋಣೆಯಲ್ಲಿ ಯಾರನ್ನೂ ಡುಮ್ಮ, ಹಂಡೆ ಎಂದು ಕರೆಯಬೇಡಿ. ಅಡ್ಡಹೆಸರಿನಿಂದ ಕರೆಯುವುದನ್ನು ಅಲ್ ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ನಿಷೇಧಿಸಿದ್ದಾನೆ. ತೀರಾ ಸೊರಗಿದವನನ್ನೂ ಗಮನಿಸಿ. ತೂಕ ಅತಿ ಕಡಿಮೆ ಇರುವುದೂ ಅಪಾಯವೆಂದು ಜಪಾನಿನ ಅಧ್ಯಯನಗಳೇ ಹೇಳುತ್ತವೆ. ಊರಿಗೆ ಹೆಚ್ಚು ಕಳುಹಿಸಲು ಒಂದು ಹೊತ್ತು ಬಿಡುವ ಸಹೋದರರು ನಮ್ಮಲ್ಲಿದ್ದಾರೆ. ಅವರಿಗೆ ಬೇಕಿರುವುದು ಕಡಿಮೆ ಊಟವಲ್ಲ, ಒಂದು ತಟ್ಟೆ ಹೆಚ್ಚು.

ಇನ್ನು ನಮ್ಮ ಇಫ್ತಾರ್. ಸೆಂಡಾಯಿಯಲ್ಲಿ ಹಗಲಿಡೀ ಉಪವಾಸ. ಹಗಲು ಇಷ್ಟು ತಡೆದುಕೊಂಡವರು ಮಗ್ರಿಬಿನ ಅದಾನ್ ಆದೊಡನೆ ಮೂರು ಸಮೋಸ, ಪಕೋಡ, ಅರ್ಧ ಲೀಟರ್ ಕೋಲಾ, ಆಮೇಲೆ ಬಿರಿಯಾನಿ ಎಂದು ಹೊರಡುತ್ತೇವೆ. ಆ ಅರ್ಧ ಲೀಟರಿನಲ್ಲೇ ಸುಮಾರು 55 ಗ್ರಾಂ ಸಕ್ಕರೆ ಇದೆ. ರಮಝಾನಿನಲ್ಲಿ ತೂಕ ನೋಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿದರೆ, ತಿಂಗಳಿಗೆ ಸರಾಸರಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ಈದ್ ಕಳೆದು ಕೆಲವೇ ವಾರಗಳಲ್ಲಿ ಮರಳಿ ಬರುತ್ತದೆ. ಜಮೆಯಾದದ್ದು ಹಾಗೆಯೇ ಖರ್ಚು. ತಿನ್ನಿರಿ, ಕುಡಿಯಿರಿ, ಮಿತಿಮೀರಬೇಡಿ ಎಂಬ ಅಲ್ಲಾಹನ ಆಜ್ಞೆ ಹನ್ನೊಂದು ತಿಂಗಳಿಗೂ ಇದೆ, ಇಫ್ತಾರಿನ ಹೊತ್ತಿಗೂ ಇದೆ.

ಆಯುಷ್ಯ ಅಲ್ಲಾಹನ ಕೈಯಲ್ಲಿರುವಾಗ?

"ಸಾವಿನ ದಿನ ಬರೆದಾಗಿದೆ. ತೂಕ ನೋಡಿ ಏನು ಪ್ರಯೋಜನ?" ಎಂದು ಕೆಲವರು ಕೇಳುತ್ತಾರೆ. ಪ್ಲೇಗ್ ಹರಡಿದ್ದ ಊರಿಗೆ ಹೋಗದೆ ಉಮರ್(ರ) ಹಿಂದಿರುಗಿದಾಗ ಅವರಿಗೂ ಇಂಥದೇ ಪ್ರಶ್ನೆ ಬಂತು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಅವರ ಉತ್ತರದ ಸಾರ.

ಮತ್ತೊಮ್ಮೆ ಆ ನಾಲ್ಕು ಪ್ರಶ್ನೆ ನೋಡಿ. ಎಷ್ಟು ವರ್ಷ ಬದುಕಿದೆ ಎಂದು ಕೇಳುವುದಿಲ್ಲ. ಅದು ನಮ್ಮ ಕೈಯಲ್ಲಿಲ್ಲ. ದೇಹವನ್ನು ಯಾವುದರಲ್ಲಿ ಸವೆಸಿದೆ ಎಂದು ಕೇಳುತ್ತಾರೆ. ಅದು ನಮ್ಮ ಕೈಯಲ್ಲಿದೆ. ದುಡಿಮೆಯಲ್ಲಿ ಸವೆದ ಮಂಡಿ, ಸಜ್ದಾದಲ್ಲಿ ಸವೆದ ಹಣೆ, ತಂದೆತಾಯಿಗಾಗಿ ಸವೆದ ಬೆನ್ನು, ಇವಕ್ಕೆ ಉತ್ತರವಿದೆ. ಕೋಲಾದಲ್ಲಿ ಸವೆದ ಮೂತ್ರಪಿಂಡಕ್ಕೆ ಏನು ಹೇಳುವುದು? ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ರು ಹೇಳಿದ್ದು ಅವರು ಇಬಾದತ್‌ನಲ್ಲಿ ಅತಿ ಮಾಡಿದಾಗ. ಇಬಾದತ್‌ಗೇ ಮಿತಿ ಇರುವಾಗ ಬಿರಿಯಾನಿಗೆ ಇರದೇ?

ಈ ದೇಹ ನಮ್ಮೊಬ್ಬರದೂ ಅಲ್ಲ. ಊರಲ್ಲಿ ಇದನ್ನು ನಂಬಿ ಮನೆಯ ಸಾಲ ಇದೆ, ತಂಗಿಯ ನಿಕಾಹ್ ಇದೆ, ಉಮ್ಮನ ಔಷಧಿ ಇದೆ. ಅಮಾನತ್ ಎಂದರೆ ಇದೇ.

ಈ ರಮಝಾನಿನಲ್ಲಿ ಮಾಡಬಹುದಾದದ್ದು

ಒಂದು, ಡ್ರಾಯರಿನಲ್ಲಿರುವ ಕಾಗದವನ್ನು ತೆಗೆಯಿರಿ. ಕಾಯಂ ನೌಕರರಿಗೆ ವರ್ಷಕ್ಕೊಮ್ಮೆ, ನಿರಂತರ ರಾತ್ರಿ ಪಾಳಿಯವರಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವುದು ಇಲ್ಲಿ ಮಾಲೀಕನ ಕಾನೂನುಬದ್ಧ ಕರ್ತವ್ಯ. ಓದಲು ಬರದಿದ್ದರೆ ಮಸೀದಿಗೆ ತನ್ನಿ. ಮರುಪರೀಕ್ಷೆ ಎಂದು ಬರೆದಿದ್ದರೆ ಹೋಗಿ. ಆರೋಗ್ಯ ವಿಮೆ ಇದ್ದರೆ ನಿಮ್ಮ ಪಾಲು ಶೇ. 30 ಮಾತ್ರ.

ಎರಡು, ಒಂದು ಗುಣಾಕಾರ ಮಾಡಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸಿ. 1.70 ಮೀಟರ್ ಎತ್ತರದವನಿಗೆ 2.89. ತೂಕ 78 ಕಿಲೋ ಇದ್ದರೆ ಉತ್ತರ 27. ನಮ್ಮ ಭಾರತೀಯ ದೇಹಕ್ಕೆ 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಸ್ಥೂಲಕಾಯ. 40 ದಾಟಿದವರಿಗಾಗಿ ಜಪಾನ್ 2008ರಲ್ಲಿ ತಂದ ತಪಾಸಣೆಯಲ್ಲಿ ಗಂಡಸರ ಸೊಂಟದ ಮಿತಿ 85 ಸೆಂಟಿಮೀಟರ್.

ಮೂರು, ಖರ್ಜೂರ ಮತ್ತು ನೀರಿನಿಂದ ಇಫ್ತಾರ್ ಮಾಡಿ, ಮಗ್ರಿಬ್ ನಮಾಝ್ ಮುಗಿಸಿ, ಆಮೇಲೆ ಊಟಕ್ಕೆ ಕೂರಿ. ಆ ಹತ್ತು ನಿಮಿಷದಲ್ಲಿ ಹಸಿವಿನ ಆತುರ ಇಳಿಯುತ್ತದೆ. ಸಹರಿ ಬಿಡಬೇಡಿ, ಅದರಲ್ಲಿ ಬರಕತ್ ಇದೆ. ಬನ್ನಿನ ಬದಲು ಮೊಟ್ಟೆ, ಬೇಳೆ, ಮೊಸರು ಇರಲಿ. ಸಾಧ್ಯವಾದರೆ ತರಾವೀಹ್‌ಗೆ ನಡೆದು ಬನ್ನಿ.

ನಾಲ್ಕು, ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂಬುದು ವೈದ್ಯರ ಸೂಚನೆ. ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯನ್ನೂ, ಅದೂ ಆಗದವನಿಗೆ ಬಡವನಿಗೆ ಉಣಿಸುವ ಫಿದ್ಯಾವನ್ನೂ ಕೊಟ್ಟವನು ಅಲ್ಲಾಹನೇ. ಅವನ ರಿಯಾಯಿತಿಯನ್ನು ನಾಚಿಕೆಯಿಂದ ಹಿಂದಿರುಗಿಸುವುದು ಭಕ್ತಿಯಲ್ಲ.

ಕೊನೆಗೆ, ಆ ಸಹೋದರನ ವಿಷಯ. ಈದ್ ಕಳೆದ ಮೇಲೆ ನಾವಿಬ್ಬರೂ ಒಂದೇ ದಿನ ಆಸ್ಪತ್ರೆಗೆ ಹೋದೆವು. ಎರಡು ಲಕೋಟೆ, ಇಬ್ಬರು ಅಪರಾಧಿಗಳು. ಅವನು ಒಂದು ವರ್ಷದಲ್ಲಿ 9 ಕಿಲೋ ಇಳಿಸಿದ್ದಾನೆ, ನಾನು 5. ಸಕ್ಕರೆ ಇಳಿದಿದೆ, ಆದರೂ ಈ ವರ್ಷ ಉಪವಾಸ ಬೇಡ ಎಂದಿದ್ದಾರೆ ಅವನ ವೈದ್ಯರು. ಆ ದಿನ ಅವನು ಫೋನಿನಲ್ಲಿ ಅತ್ತ. ಈಗ ಪ್ರತಿ ಶನಿವಾರ ಮಸೀದಿಯ ಇಫ್ತಾರಿಗೆ ಹಣ್ಣು ಹೆಚ್ಚಿ ತಟ್ಟೆ ಜೋಡಿಸುವುದು ಅವನೇ. ಅಸರ್ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ನೀರು ಕುಡಿಯುವವನೊಬ್ಬನನ್ನು ನೀವು ನೋಡಿದರೆ ಏನೂ ಕೇಳಬೇಡಿ. ಅವನ ಕೈಯ ಖರ್ಜೂರದಿಂದ ಉಪವಾಸ ತೊರೆದು ಅವನಿಗೆ ದುಆ ಮಾಡಿ. ಉಪವಾಸಿಗನಿಗೆ ಇಫ್ತಾರ್ ಮಾಡಿಸಿದವನಿಗೆ ಅವನಷ್ಟೇ ಪ್ರತಿಫಲವಿದೆ ಎಂದು ಪ್ರವಾದಿ(ಸ)ರು ಶುಭವಾರ್ತೆ ಕೊಟ್ಟಿದ್ದಾರೆ.

ಯಾ ಅಲ್ಲಾಹ್, ನೀನು ಅಮಾನತ್ತಾಗಿ ಕೊಟ್ಟ ಈ ದೇಹವನ್ನು ನಿನ್ನ ಮೆಚ್ಚುಗೆಯ ಕೆಲಸದಲ್ಲಿ ಸವೆಸುವ ತೌಫೀಕ್ ಕೊಡು. ನಮ್ಮಲ್ಲಿ ರೋಗಿಗಳಾದವರಿಗೆ ಶಿಫಾ ಕೊಡು. ಊರಲ್ಲಿ ನಮ್ಮ ದಾರಿ ಕಾಯುವವರ ಬಳಿಗೆ ನಮ್ಮನ್ನು ಆರೋಗ್ಯದಿಂದ ಮುಟ್ಟಿಸು. ನಮ್ಮ ಉಪವಾಸವನ್ನೂ, ಉಪವಾಸ ಹಿಡಿಯಲಾಗದವರ ಕಣ್ಣೀರನ್ನೂ ಸ್ವೀಕರಿಸು. ಆಮೀನ್.

ವಸ್ಸಲಾಮ್.